ಪೊರೆಯ ತೂಬುಗಳು

ಹಸಿಮೆಣಸಿನಕಾಯಿ ಹೆಚ್ಚಿದ ಕೈಯನ್ನು ಎಷ್ಟು ನೀರಿನಲ್ಲಿ ತೊಳೆದರೂ ಬೆರಳ ತುದಿಯ ಉರಿ ಇಳಿಯದೆ, ಕಡೆಗೆ ಮನೆಯ ಹಿರಿಯರಾರಾದರೂ ಒಂದಿಷ್ಟು ಕೊಬ್ಬರಿ ಎಣ್ಣೆಯನ್ನು ಸವರಿ ತಿಕ್ಕಿದ ಮೇಲೆ ಮೆಲ್ಲಮೆಲ್ಲನೆ ಶಮನಗೊಳ್ಳುವುದನ್ನು ಅನುಭವಿಸದವರು ನಮ್ಮಲ್ಲಿ ವಿರಳ. ಆ ಹೊತ್ತಿನಲ್ಲಿ ಬೆರಳನ್ನು ಎಷ್ಟು ನಿಟ್ಟಿಸಿ ನೋಡಿದರೂ ಸುಟ್ಟ ಗುರುತಿಲ್ಲ, ಎದ್ದ ಬೊಕ್ಕೆಯಿಲ್ಲ. ಬೆಂಕಿಯೇ ಇಲ್ಲದೆಡೆಯಿಂದ ಬೆಂಕಿಯ ವಾರ್ತೆಯನ್ನು ಮಿದುಳಿಗೆ ಕಳುಹಿದವರಾರು, ಯಾವ ಲಿಪಿಯಲ್ಲಿ ಕಳುಹಿದರು ಎಂಬುದೇ ಈ ಅಧ್ಯಾಯದ ವಿಚಾರ.

ನಮ್ಮ ದೇಹದ ಪ್ರತಿಯೊಂದು ಜೀವಕೋಶವೂ ಎರಡು ಪದರ ಕೊಬ್ಬಿನ ಪೊರೆಯೊಂದರಿಂದ ಆವೃತವಾಗಿದೆ; ಅದರ ದಪ್ಪ ಮಿಲಿಮೀಟರಿನ 2 ಲಕ್ಷದಲ್ಲೊಂದು ಪಾಲಿನಷ್ಟು. ನೀರಿನಲ್ಲಿ ಕರಗಿ ವಿದ್ಯುದಂಶವನ್ನು ಹೊತ್ತು ಸಂಚರಿಸುವ ಸೋಡಿಯಂ, ಪೊಟ್ಯಾಸಿಯಂ, ಕ್ಯಾಲ್ಸಿಯಂ ಮೊದಲಾದ ಅಯಾನುಗಳಿಗೆ ಈ ಪೊರೆಯ ಕೊಬ್ಬು ದುರ್ಗಮವಾದುದು. ಹೊರಗೆ ಸೋಡಿಯಂ ಹೇರಳ, ಒಳಗೆ ಪೊಟ್ಯಾಸಿಯಂ ಹೇರಳ. ಈ ಅಸಮತೆಯನ್ನು ಕಾಪಾಡುವ ಸಲುವಾಗಿ ಪೊರೆಯಲ್ಲಿ ನೆಲೆಸಿದ ಪಂಪೊಂದು, ಪ್ರತಿ ಸಲವೂ 3 ಸೋಡಿಯಂಗಳನ್ನು ಹೊರಕ್ಕೆ ನೂಕಿ 2 ಪೊಟ್ಯಾಸಿಯಂಗಳನ್ನು ಒಳಕ್ಕೆ ಸೆಳೆದುಕೊಳ್ಳುತ್ತ, ನಾವು ನಿದ್ರಿಸುವಾಗಲೂ ಬಿಡುವಿಲ್ಲದೆ ದುಡಿಯುತ್ತಿರುತ್ತದೆ. ಈ ದುಡಿಮೆಯಿಂದಲೂ, ಪೊಟ್ಯಾಸಿಯಂ ಅಲ್ಪಸ್ವಲ್ಪವಾಗಿ ಹೊರಕ್ಕೆ ಜಿನುಗುವುದರಿಂದಲೂ ನರಕೋಶದ ಒಳಮೈ ಹೊರಮೈಗಿಂತ ಸುಮಾರು 70 ಮಿಲಿವೋಲ್ಟಿನಷ್ಟು ಋಣವಾಗಿ ನಿಲ್ಲುತ್ತದೆ. ಸಣ್ಣ ಸಂಖ್ಯೆಯೆಂದು ಇದನ್ನು ಉಪೇಕ್ಷಿಸಲಾಗದು. ಪೊರೆಯ ತೆಳುವನ್ನು ಗಣನೆಗೆ ತಂದುಕೊಂಡರೆ ಅದು ಸೆಂಟಿಮೀಟರಿಗೆ 1 ಲಕ್ಷ ವೋಲ್ಟನ್ನೂ ಮೀರಿದ ಸೆಳೆತ. ಏರಿಯ ಹಿಂದೆ ತುಂಬಿ ನಿಂತ ಕೆರೆಯ ನೀರಿನಂತೆ ಅಯಾನುಗಳು ತೂಬು ತೆರೆಯುವುದನ್ನೇ ಕಾದಿರುತ್ತವೆ. ತೂಬುಗಳೂ ಉಂಟು. ಪ್ರೋಟೀನಿನಿಂದಾದ, ಪೊರೆಯನ್ನು ಆರಪಾರಾಗಿ ತೂರಿ ನಿಂತ ಅವನ್ನು ಅಯಾನು ನಾಳಗಳೆಂದು ಕರೆಯುವರು.

ಕಣ್ಣಿಗೆ ಕಾಣದ ಈ ತೂಬುಗಳ ಇರವನ್ನು ಊಹಿಸಲು ನೆರವಾದದ್ದು ಸ್ಕ್ವಿಡ್ ಎಂಬ ಕಡಲಜೀವಿ. ಅದರ ನರತಂತುಗಳಲ್ಲೊಂದು 1 ಮಿಲಿಮೀಟರಿನವರೆಗೂ ದಪ್ಪವಾಗಿರುವುದರಿಂದ, 1939ರಲ್ಲಿ ಇಂಗ್ಲೆಂಡಿನ ಪ್ಲಿಮತ್ ಕಡಲತೀರದ ಪ್ರಯೋಗಶಾಲೆಯಲ್ಲಿ ಅಲನ್ ಹಾಡ್ಜ್‌ಕಿನ್ ಮತ್ತು ಆಂಡ್ರ್ಯೂ ಹಕ್ಸ್‌ಲಿ ಅದರೊಳಕ್ಕೆ ಸೂಕ್ಷ್ಮವಾದ ವಿದ್ಯುದ್ವಾರವನ್ನು ತೂರಿಸಿ, ಸಂದೇಶ ಹಾಯುವ ಕ್ಷಣದಲ್ಲಿ ಒಳಮೈಯ ಋಣತ್ವ ಬರಿದೆ ಅಳಿಯುವುದಲ್ಲದೆ ಧನವಾಗಿಯೇ ತಿರುಗಿಬಿಡುವುದನ್ನು ಕಂಡರು. ಅಷ್ಟರಲ್ಲಿ ಮಹಾಯುದ್ಧ ಅಡ್ಡಬಂದಿತು. ಮರಳಿ ಕೈಹಚ್ಚಿ, 1952ರಲ್ಲಿ ಅವರು ಪ್ರಕಟಿಸಿದ ಸಮೀಕರಣಗಳ ತಿರುಳಿದು: ಮೊದಲು ಸೋಡಿಯಂ ಒಳನುಗ್ಗುತ್ತದೆ, ಒಡನೆಯೇ ಆ ದಾರಿ ಮುಚ್ಚಿ ಪೊಟ್ಯಾಸಿಯಂ ಹೊರಹರಿದು ಪೂರ್ವಸ್ಥಿತಿಯನ್ನು ತರುತ್ತದೆ, ಒಂದೆಡೆಯ ಈ ಏರಿಳಿತವೇ ಪಕ್ಕದ ತೂಬನ್ನು ತೆರೆಯುವುದರಿಂದ ವಾರ್ತೆ ತಂತುವಿನುದ್ದಕ್ಕೂ ಓಡುತ್ತದೆ. ಕೈಯಿಂದ ತಿರುಗಿಸುವ ಗಣಕಯಂತ್ರದಲ್ಲಿ ಹಕ್ಸ್‌ಲಿಯವರು ದಿನಗಟ್ಟಲೆ ಲೆಕ್ಕಹಾಕಿ ಪಡೆದ ರೇಖೆ ಸ್ಕ್ವಿಡ್ಡಿನ ನರ ತಾನೇ ಬರೆದ ರೇಖೆಗೆ ಹೊಂದಿಕೊಂಡುದನ್ನು ನೆನೆದಾಗ ನನಗೆ ಇಂದಿಗೂ ರೋಮಾಂಚವಾಗುತ್ತದೆ. ಒಂಟಿ ನಾಳವೊಂದು ತೆರೆದು ಮುಚ್ಚುವುದನ್ನು ನೇರವಾಗಿ ಅಳೆದವರು 1976ರಲ್ಲಿ ಜರ್ಮನಿಯ ಎರ್ವಿನ್ ನೇಹರ್ ಮತ್ತು ಬರ್ಟ್ ಸಾಕ್ಮನ್. ಕಪ್ಪೆಯ ಸ್ನಾಯುವಿನ ಮೇಲೆ ಗಾಜಿನ ಸೂಕ್ಷ್ಮನಳಿಗೆಯನ್ನು ಊರಿ ಅವರು ಅದನ್ನು ಸಾಧಿಸಿದರು.

ಆದರೆ ಸೋಜಿಗವೆಲ್ಲ ಅಡಗಿರುವುದು ತೂಬಿನ ವಿವೇಚನೆಯಲ್ಲಿ. ಪೊಟ್ಯಾಸಿಯಂ ನಾಳ ಸೆಕೆಂಡಿಗೆ 10 ಕೋಟಿಯವರೆಗೆ ಪೊಟ್ಯಾಸಿಯಂಗಳನ್ನು ಹಾಯಗೊಡುತ್ತ, ಅವುಗಳಿಗಿಂತ ಚಿಕ್ಕದಾದ ಸೋಡಿಯಂ ಅನ್ನು ಮಾತ್ರ 10 ಸಾವಿರಕ್ಕೊಂದರಂತೆಯೂ ಒಳಗೊಳ್ಳದು. ದೊಡ್ಡದು ಹೋಗುವ ಕಿಂಡಿಯಲ್ಲಿ ಚಿಕ್ಕದೇಕೆ ಹೋಗದು? ನ್ಯೂಯಾರ್ಕಿನ ರಾಡರಿಕ್ ಮೆಕಿನನ್, ಮಣ್ಣಿನಲ್ಲಿ ಬಾಳುವ ಬ್ಯಾಕ್ಟೀರಿಯವೊಂದರ ನಾಳವನ್ನು ಹರಳುಗಟ್ಟಿಸಿ ಎಕ್ಸ್‌ಕಿರಣಗಳಿಂದ ಅದರ ರಚನೆಯನ್ನು 1998ರಲ್ಲಿ ಬಿಡಿಸಿದಾಗ ಉತ್ತರ ದೊರೆಯಿತು. ನೀರಿನಲ್ಲಿರುವ ಅಯಾನು ಸುತ್ತಲೂ ನೀರಿನ ಅಣುಗಳನ್ನು ಹೊದ್ದಿರುತ್ತದೆ. ಆ ಆಸರೆಯನ್ನು ಕಳಚಿದ ಹೊರತು ಇಕ್ಕಟ್ಟಾದ ನಾಳವನ್ನು ಹೊಗಲಾರದು, ಕಳಚಲು ಅದಕ್ಕೆ ಮನಸ್ಸೂ ಬಾರದು. ನಾಳದ ಒಳಗೋಡೆಯ ಆಮ್ಲಜನಕ ಪರಮಾಣುಗಳೋ, ನೀರು ಪೊಟ್ಯಾಸಿಯಂ ಅನ್ನು ಎಷ್ಟು ಅಂತರದಿಂದ ಅಪ್ಪಿತ್ತೋ ಅಷ್ಟೇ ಅಂತರದಲ್ಲಿ ಜೋಡಣೆಗೊಂಡಿವೆ. ಹೊಕ್ಕ ಮನೆಯಲ್ಲಿಯೂ ತವರಿನ ಅಕ್ಕರೆಯನ್ನೇ ಕಂಡ ಮಗಳಂತೆ ಪೊಟ್ಯಾಸಿಯಂ ಅಳುಕದೆ ಒಳಸೇರುತ್ತದೆ. ಸೋಡಿಯಂಗಾದರೋ, ತೀರ ಚಿಕ್ಕದಾದುದರಿಂದ, ಆ ತೋಳುಗಳು ಎಟುಕವು, ತವರನ್ನು ಬಿಟ್ಟು ಅದು ಹೊರಡದು.

ಇನ್ನು ಬೆರಳ ಉರಿ. ತೂಬುಗಳಲ್ಲಿ ಕೆಲವು ವಿದ್ಯುತ್ತಿನ ಮಾತನ್ನು ಕೇಳಿದರೆ ಕೆಲವು ರಾಸಾಯನಿಕಗಳ ಮಾತನ್ನು, ಮತ್ತೆ ಕೆಲವು ಶಾಖದ ಮಾತನ್ನು ಕೇಳುವುವು. ನೋವನ್ನರಿಯುವ ನರಗಳ ತುದಿಯಲ್ಲಿರುವ ಟಿಆರ್‌ಪಿವಿ1 ಎಂಬ ನಾಳ ಸುಮಾರು 43 ಡಿಗ್ರಿ ಸೆಲ್ಸಿಯಸ್ ಮೀರಿದ ಶಾಖಕ್ಕೆ ತೆರೆದುಕೊಳ್ಳುತ್ತದೆ. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಅದೇ ತೂಬನ್ನು ಶಾಖವಿಲ್ಲದೆಯೇ ತೆರೆಯಬಲ್ಲುದೆಂದು ಕ್ಯಾಲಿಫೋರ್ನಿಯದ ಡೇವಿಡ್ ಜೂಲಿಯಸ್ ಮತ್ತು ಸಂಗಡಿಗರು 1997ರಲ್ಲಿ ತೋರಿಸಿದರು. ಒಳನುಗ್ಗುವ ಅಯಾನುಗಳಿಗೆ ಕೆಂಡವೂ ಒಂದೇ, ಕಾಯಿಯೂ ಒಂದೇ; ಯಾವ ನರದ ಯಾವ ತೂಬು ತೆರೆಯಿತೆಂಬುದೇ ಮಿದುಳಿಗೆ ಅರ್ಥವಾಗುವ ಅಕ್ಷರ. ಕ್ಯಾಪ್ಸೈಸಿನ್ ನೀರಿಗಿಂತ ಎಣ್ಣೆಯಲ್ಲಿ ಚೆನ್ನಾಗಿ ಕರಗುವ ವಸ್ತುವಾದುದರಿಂದ ಹಿರಿಯರ ಕೊಬ್ಬರಿ ಎಣ್ಣೆಯ ಉಪಚಾರ ಯುಕ್ತವಾದುದೇ ಸರಿ. ಅಂತೆಯೇ ಬ್ಯಾಡಗಿ ಮೆಣಸಿನಕಾಯಿ ಕಣ್ಣಿಗೆ ಕಡುಗೆಂಪಾಗಿದ್ದೂ ನಾಲಿಗೆಗೆ ಸೌಮ್ಯವಾಗಿರುವುದು ಈ ದ್ರವ್ಯ ಅದರಲ್ಲಿ ಕಡಿಮೆಯಿರುವುದರಿಂದ.

ನರದ ಕೊನೆಯನ್ನು ಮುಟ್ಟಿದ ವಾರ್ತೆ ಮುಂದಿನ ಕೋಶವನ್ನು ಸೇರಲು ಸಣ್ಣ ಕಂದರವೊಂದನ್ನು ದಾಟಬೇಕು. ಅಲ್ಲಿ ಕ್ಯಾಲ್ಸಿಯಂ ತೂಬುಗಳು ತೆರೆದು, ಕ್ಯಾಲ್ಸಿಯಂ ಒಳಬಂದೊಡನೆ ರಾಸಾಯನಿಕ ತುಂಬಿದ ಚಿಕ್ಕ ಚೀಲಗಳು ಒಡೆದು ಹೊರಚೆಲ್ಲುತ್ತವೆ, ಆ ರಾಸಾಯನಿಕ ಆಚೆ ದಡದ ತೂಬುಗಳನ್ನು ತೆರೆಯುತ್ತದೆ. ನರದ ಮಾತು ಹೀಗೆ ರಾಸಾಯನಿಕವಾಗಿ ಪರಿಣಮಿಸುವುದೆಂಬುದನ್ನು 1921ರಲ್ಲಿ ಆಟೊ ಲೋವಿ ಎರಡು ಕಪ್ಪೆಹೃದಯಗಳಿಂದ ಸಿದ್ಧಪಡಿಸಿದರು: ನರವನ್ನು ಕೆರಳಿಸಿ ಒಂದರ ಬಡಿತವನ್ನು ನಿಧಾನಗೊಳಿಸಿ, ಅದನ್ನು ತೊಯಿಸಿದ್ದ ದ್ರವವನ್ನು ಇನ್ನೊಂದಕ್ಕೆ ಹಾಯಿಸಿದಾಗ, ಯಾರೂ ಕೆರಳಿಸದ ಆ ಎರಡನೆಯದೂ ನಿಧಾನವಾಯಿತು.

ಗಿಳಿ ಮಾತ್ರ ಹಣ್ಣುಮೆಣಸಿನಕಾಯಿಯನ್ನು ಕಾಲಲ್ಲಿ ಹಿಡಿದು ನಿಶ್ಚಿಂತೆಯಿಂದ ತಿನ್ನುತ್ತದೆ. ಹಕ್ಕಿಗಳಲ್ಲಿಯೂ ಆ ನಾಳವುಂಟು, ಶಾಖಕ್ಕೆ ಅದೂ ತೆರೆಯುತ್ತದೆ. ಕ್ಯಾಪ್ಸೈಸಿನ್ ಹಿಡಿಯುವ ತಾಣದಲ್ಲಿನ ಕಿಂಚಿತ್ ಭೇದದಿಂದಾಗಿ ಕಾಯಿಯ ಮಾತು ಅದಕ್ಕೆ ಕೇಳಿಸದು. ಮೆಣಸಿನ ತವರಾದ ಅಮೆರಿಕ ಖಂಡದ ಕುರುಚಲು ಕಾಡುಗಳಲ್ಲಿ, ಬೀಜವನ್ನು ಹಲ್ಲಿನಿಂದ ಅರೆದುಬಿಡುವ ಇಲಿಗಳು ಆ ಉರಿಗೆ ಹೆದರಿ ದೂರ ಉಳಿಯುವಾಗ, ಹಕ್ಕಿಗಳು ಪುಟ್ಟ ಕೆಂಪು ಹಣ್ಣುಗಳನ್ನು ಇಡಿಯಾಗಿ ನುಂಗಿ, ಬೀಜಗಳನ್ನು ಕೆಡದಂತೆ ಪೊದೆಗಳ ನೆರಳಿನಲ್ಲಿ ಉದುರಿಸಿ ಹೋಗುತ್ತವೆ.