ಅಲಂಕಾರಕ್ಕೆ ಮೊದಲು ನೀರು

ಡಿಸೆಂಬರ್ ಬಂತೆಂದರೆ ಅಮೆರಿಕದ ನಾರ್ತ್ ಕೆರೊಲಿನಾದ ಬೆಟ್ಟದ ತೋಟಗಳಲ್ಲಿ ಜನವೋ ಜನ! ರಜೆಗೆ ಬಂದ ಮಕ್ಕಳು, ಮೊಮ್ಮಕ್ಕಳು, ಅಜ್ಜ-ಅಜ್ಜಿ ಸೇರಿ ಕ್ರಿಸ್‌ಮಸ್‌ಗೆಂದು ಹುಡುಕುವುದು ಫ್ರೇಸರ್ ಫರ್ ಮರವನ್ನು. ಸೂಜಿಯಂಥ ಎಲೆಗಳನ್ನು ಬೆರಳಲ್ಲಿ ಸವರಿ ನೋಡುತ್ತಾರೆ. ಉದುರದಿದ್ದರೆ ಮರ ತಾಜಾ.

ಮನೆಗೆ ತಂದ ಕೂಡಲೇ ಅಲಂಕಾರಕ್ಕೆ ಕೈ ಹಾಕುವಂತಿಲ್ಲ. ಕಡಿದ ಜಾಗದಲ್ಲಿ ಅಂಟು ಒಸರಿ ಗಟ್ಟಿಯಾಗಿರುತ್ತದೆ, ನೀರು ಮೇಲೇರುವುದಿಲ್ಲ. ಹಾಗಾಗಿ ಬುಡದಲ್ಲಿ ಸುಮಾರು 1 ಇಂಚಿನಷ್ಟು ಬಿಲ್ಲೆಯನ್ನು ಗರಗಸದಿಂದ ನೇರವಾಗಿ ಕೊಯ್ದು, ತಡಮಾಡದೆ ನೀರು ತುಂಬಿದ ಸ್ಟ್ಯಾಂಡಿನಲ್ಲಿ ನಿಲ್ಲಿಸುತ್ತಾರೆ. ಮೊದಲ ದಿನವೇ ಅದು 3-4 ಲೀಟರ್ ಕುಡಿದರೂ ಆಶ್ಚರ್ಯವಿಲ್ಲ. ಸಕ್ಕರೆ ಗಿಕ್ಕರೆ ಬೇಡ, ನಲ್ಲಿ ನೀರೇ ಸಾಕು.

ಈಗ ಅಲಂಕಾರ. ಮೊದಲು ಸೀರಿಯಲ್ ಸೆಟ್, ಆಮೇಲೆ ಗಾಜಿನ ಗುಂಡು. ಭಾರದವು ಕಾಂಡದ ಹತ್ತಿರ, ಹಗುರದವು ಕೊಂಬೆಯ ತುದಿಗೆ.

ಒಂದು ಕಾಲಕ್ಕೆ ಮರದ ಮೇಲೆ ಉರಿಯುತ್ತಿದ್ದದ್ದು ಮೇಣದ ಬತ್ತಿ. ಎಡಿಸನ್ ಅವರ ಒಡನಾಡಿ ಎಡ್ವರ್ಡ್ ಜಾನ್ಸನ್ 1882ರಲ್ಲಿ ನ್ಯೂಯಾರ್ಕ್‌ನ ತಮ್ಮ ಮನೆಯ ಮರಕ್ಕೆ ಕೆಂಪು, ಬಿಳಿ, ನೀಲಿಯ 80 ವಿದ್ಯುತ್ ಬಲ್ಬುಗಳನ್ನು ಹಾಕಿದರು. ಆ ಮರ ತಿರುಗುತ್ತಲೂ ಇತ್ತು!

ಒಣಗಿದ ಮರಕ್ಕೆ ಬೆಂಕಿ ಬೇಗ ಹತ್ತುತ್ತದೆ. ಹೀಟರ್‌ನಿಂದ ದೂರವಿಡಿ, ದಿನಾ ನೀರು ನೋಡಿ, ಮಲಗುವ ಮುನ್ನ ಸ್ವಿಚ್ ಆಫ್ ಮಾಡಿ.