ಮನೆಯೇ ಗರಡಿ

ಮನೆಯಲ್ಲೇ ಮಾಡುವ ತೀವ್ರ ವ್ಯಾಯಾಮಕ್ಕೆ ಸಲಕರಣೆ ಬೇಕಾಗುವುದೇ ಇಲ್ಲ, ಬೇಕಾದರೂ ತೀರ ಕಡಿಮೆ. ಮೈಯ ತೂಕವೇ ಎತ್ತಬೇಕಾದ ಭಾರ. ಅವಧಿಯೂ ಚಿಕ್ಕದು, ಹದಿನೈದರಿಂದ ಮೂವತ್ತು ನಿಮಿಷ. ಆದರೆ ಆ ನಿಮಿಷಗಳಲ್ಲಿ ಏದುಸಿರು ಬರುವಷ್ಟು ದುಡಿಮೆ ಇರುತ್ತದೆ, ನಡುನಡುವೆ ಗಡಿಯಾರ ನೋಡಿ ಅಳೆದ ವಿಶ್ರಾಂತಿ ಇರುತ್ತದೆ. ಇದರ ಜೊತೆಗೆ ಊಟದ ಲೆಕ್ಕವೂ ಸೇರಿದಾಗ ಅದು ಒಂದು ಕ್ರಮವಾಗುತ್ತದೆ. ಬೆಂಗಳೂರಿನ ವಿಜಯನಗರ, ರಾಜಾಜಿನಗರ, ಬಸವೇಶ್ವರನಗರ, ಕೆಂಗೇರಿಯಂಥ ಬಡಾವಣೆಗಳಲ್ಲಿ ರಾತ್ರಿ ಎಂಟಕ್ಕೆ ಮೆಟ್ರೊ ಇಳಿದು ಮನೆ ಸೇರುವವರಿಗೆ ಜಿಮ್‌ಗೆ ಹೋಗಿಬರುವ ಒಂದೂವರೆ ಗಂಟೆ ಹೊಂದಿಸುವುದು ಕಷ್ಟ. ಅಂಥವರಿಗೆ ಈ ಕ್ರಮ ನಿಜವಾಗಿಯೂ ಒದಗಿಬರುತ್ತದೆ.

ಮನೆಯಲ್ಲಿದ್ದುಕೊಂಡೇ ಮೈ ಕಟ್ಟುವುದು ಬೆಂಗಳೂರಿಗೆ ಹೊಸದಲ್ಲ. ಕೆ.ವಿ. ಅಯ್ಯರ್ ಅವರನ್ನು ಕನ್ನಡ ಓದುಗರು ‘ಶಾಂತಲಾ’ ಮತ್ತು ‘ರೂಪದರ್ಶಿ’ ಕಾದಂಬರಿಗಳ ಲೇಖಕರೆಂದು ಬಲ್ಲರು. ಅದಕ್ಕೂ ಮೊದಲು ಅವರು ದೇಶಕ್ಕೇ ಹೆಸರಾದ ಅಂಗಸಾಧಕರಾಗಿದ್ದರು. ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ಜಿಮ್ನೇಸಿಯಂ ನಡೆಸಿದರು, 1930ರಲ್ಲಿ ‘ಮಸಲ್ ಕಲ್ಟ್’, 1936ರಲ್ಲಿ ‘ಪರ್ಫೆಕ್ಟ್ ಫಿಸಿಕ್’, 1937ರಲ್ಲಿ ‘ಸೂರ್ಯನಮಸ್ಕಾರ’ ಎಂಬ ಇಂಗ್ಲಿಷ್ ಪುಸ್ತಕಗಳನ್ನು ಬರೆದರು. ಭಾರ ಎತ್ತುವುದನ್ನೂ ಆಸನ, ಸೂರ್ಯನಮಸ್ಕಾರಗಳನ್ನೂ ಒಂದೇ ಕ್ರಮದಲ್ಲಿ ಕೂಡಿಸಿದ್ದು ಅವರ ವಿಶೇಷ. ಗರಡಿಗೆ ಬರಲಾಗದ ದೂರದ ಶಿಷ್ಯರಿಗೆ ಅವರು ಅಂಚೆಯ ಮೂಲಕವೇ ವ್ಯಾಯಾಮ ಪಾಠ ನಡೆಸುತ್ತಿದ್ದರು. ಇಂದು ಫೋನಿನ ಪರದೆಯಲ್ಲಿ ಬರುವುದು ಅಂದು ಲಕೋಟೆಯಲ್ಲಿ ಬರುತ್ತಿತ್ತು. ಇನ್ನು ಗರಡಿಮನೆಯ ದಂಡ ಮತ್ತು ಬಸ್ಕಿಗಳಂತೂ ಇಂದಿನ ಪುಷ್‌ಅಪ್, ಸ್ಕ್ವಾಟ್‌ಗಳ ಹತ್ತಿರದ ಬಂಧುಗಳೇ. ಪೈಲ್ವಾನರು ಅವನ್ನು ನೂರುಗಟ್ಟಲೆ ಹಾಕುತ್ತಿದ್ದರು, ಆದರೆ ಮೊದಲ ದಿನವೇ ಅಲ್ಲ. ಉಸ್ತಾದರು ದಿನ ದಿನಕ್ಕೆ ಸ್ವಲ್ಪ ಸ್ವಲ್ಪವೇ ಏರಿಸುತ್ತಿದ್ದರು. ಇಂದಿನ ಅನೇಕ ಸಿದ್ಧ ಕ್ರಮಗಳಲ್ಲಿ ಕಳೆದುಹೋಗಿರುವುದು ಈ ನಿಧಾನವೇ.

ಹೊಸ ಕಾಲದ ತೀವ್ರ ವ್ಯಾಯಾಮಕ್ಕೆ ವಿಜ್ಞಾನದ ಬುನಾದಿ ಸಿಕ್ಕಿದ್ದರಲ್ಲಿ ಜಪಾನಿನ ಇಜುಮಿ ತಬಾತಾ ಅವರ ಪಾಲು ದೊಡ್ಡದು. 1996ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ ಯುವಕರು ನಿಂತಲ್ಲೇ ತುಳಿಯುವ ಸೈಕಲ್ ಮೇಲೆ 20 ಸೆಕೆಂಡು ಮೈಯೆಲ್ಲ ಹಿಂಡುವಂತೆ ತುಳಿದು, 10 ಸೆಕೆಂಡು ನಿಲ್ಲಿಸಿ, ಹೀಗೆ ಏಳೆಂಟು ಸುತ್ತು ಮಾಡಿದರು. ವಾರಕ್ಕೆ ಐದು ದಿನ, ಆರು ವಾರ. ಅವರ ದೇಹ ಆಮ್ಲಜನಕ ಬಳಸಿಕೊಳ್ಳುವ ಸಾಮರ್ಥ್ಯವೂ, ಆಮ್ಲಜನಕದ ಕೊರತೆಯಲ್ಲಿ ದುಡಿಯುವ ಸಾಮರ್ಥ್ಯವೂ ಒಟ್ಟಿಗೇ ಏರಿದವು. ದಿನಕ್ಕೆ ಒಂದು ಗಂಟೆ ಹದವಾಗಿ ತುಳಿದ ಇನ್ನೊಂದು ಗುಂಪಿನಲ್ಲಿ ಮೊದಲನೆಯದು ಮಾತ್ರ ಏರಿತ್ತು. ‘ನಾಲ್ಕೇ ನಿಮಿಷ ಸಾಕು’ ಎಂಬ ಮಾತು ಹರಡಿದ್ದು ಇಲ್ಲಿಂದ. ಆದರೆ ಅವರೆಲ್ಲ ಮೊದಲೇ ಪಳಗಿದ ಕ್ರೀಡಾ ವಿದ್ಯಾರ್ಥಿಗಳು ಎಂಬುದನ್ನು ಮರೆಯುವಂತಿಲ್ಲ.

ಒಳಗೆ ನಡೆಯುವುದು ಇಷ್ಟು. ಹೃದಯ ಒಂದು ಬಡಿತಕ್ಕೆ ಹೆಚ್ಚು ರಕ್ತ ತಳ್ಳಲು ಕಲಿಯುತ್ತದೆ, ರಕ್ತದ ದ್ರವಭಾಗ ಹೆಚ್ಚುತ್ತದೆ, ಸ್ನಾಯುಕೋಶಗಳಲ್ಲಿ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯಗಳು ಹೆಚ್ಚುತ್ತವೆ. ದುಡಿಯುವ ಸ್ನಾಯು ರಕ್ತದಲ್ಲಿನ ಸಕ್ಕರೆಯನ್ನು ಇನ್ಸುಲಿನ್‌ಗೆ ಹೆಚ್ಚು ಕಾಯದೆ ಒಳಗೆಳೆದುಕೊಳ್ಳುತ್ತದೆ. ಸಕ್ಕರೆ ಕಾಯಿಲೆ ಮನೆಮನೆಯಲ್ಲೂ ಇರುವ ಊರಿನಲ್ಲಿ ಈ ಕೊನೆಯ ಗುಣವೇ ಎಲ್ಲಕ್ಕಿಂತ ಬೆಲೆಯುಳ್ಳದ್ದು.

ತೀವ್ರ ಎಂದರೆ ಎಷ್ಟು? ವ್ಯಾಯಾಮದ ನಡುವೆ ಎರಡು ಮೂರು ಪದಕ್ಕಿಂತ ಹೆಚ್ಚು ಒಟ್ಟಿಗೆ ಹೇಳಲಾಗದಿದ್ದರೆ ಅದು ತೀವ್ರ. ಪೂರ್ತಿ ವಾಕ್ಯ ಹೇಳಬಹುದಾದರೆ ಮಧ್ಯಮ. ನಾಡಿ ಹಿಡಿದೂ ನೋಡಬಹುದು. 220ರಲ್ಲಿ ವಯಸ್ಸನ್ನು ಕಳೆದರೆ ಹೃದಯಬಡಿತದ ಮೇಲಿನ ಮಿತಿ ಅಂದಾಜಿಗೆ ಸಿಗುತ್ತದೆ. ನಲವತ್ತು ವಯಸ್ಸಿನವರಿಗೆ ಅದು 180, ಅದರ ಶೇ 80 ಎಂದರೆ 144. ನಿಂತ ಕೂಡಲೇ ಮಣಿಕಟ್ಟಿನ ನಾಡಿ 15 ಸೆಕೆಂಡಿನಲ್ಲಿ 36 ಸಲ ಬಡಿದರೆ ಅಷ್ಟಾಯಿತು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿರುವಂತೆ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ, ಇಲ್ಲವೇ 75ರಿಂದ 150 ನಿಮಿಷ ತೀವ್ರ ಚಟುವಟಿಕೆ ಬೇಕು. ಜೊತೆಗೆ ಎರಡು ದಿನವಾದರೂ ಸ್ನಾಯುಬಲದ ವ್ಯಾಯಾಮ.

ಕೈಗಾರಿಕಾ ಉಪನಗರವಾಗಿ ಹುಟ್ಟಿದ ರಾಜಾಜಿನಗರದಲ್ಲಿ ಹಿಂದಿನ ತಲೆಮಾರಿನ ಎಷ್ಟೋ ಜನ ಕಾರ್ಖಾನೆಗೆ ಸೈಕಲ್ ತುಳಿದು ಹೋಗಿ, ದಿನವಿಡೀ ನಿಂತು ಕೆಲಸ ಮಾಡಿದವರು. ಅವರ ಮಕ್ಕಳದು ಕುರ್ಚಿಯ ದುಡಿಮೆ. ಹತ್ತು ವರ್ಷ ಕುಳಿತೇ ಕಳೆದ ಮೈಗೆ ಆರಂಭ ಹಗುರವಾಗಿರಬೇಕು. ಅಮೆರಿಕದಿಂದ ಬಂದ ‘ಪಿ90ಎಕ್ಸ್’ ಅಥವಾ 2009ರ ‘ಇನ್‌ಸ್ಯಾನಿಟಿ’ಯಂಥ ಅರವತ್ತು, ತೊಂಬತ್ತು ದಿನಗಳ ಕ್ರಮಗಳು ವಾರಕ್ಕೆ ಆರು ದಿನ ದಣಿಸುತ್ತವೆ. ಅವು ಈಗಾಗಲೇ ಗಟ್ಟಿಯಾಗಿರುವವರಿಗೆ ಹೊಂದುತ್ತವೆ. ಉಳಿದವರು ಮಂಡಿನೋವು ಹಿಡಿಸಿಕೊಂಡು ನಡುವೆಯೇ ಬಿಡುವುದುಂಟು. ಅದಕ್ಕಿಂತ ಹನ್ನೆರಡು ವಾರಗಳ ಏರಿಕೆ ಮೇಲು. ಮೊದಲ ಮೂರು ವಾರ, ವಾರಕ್ಕೆ ಮೂರು ದಿನ, ದಿನ ಬಿಟ್ಟು ದಿನ: 30 ಸೆಕೆಂಡು ಕೆಲಸ, 60 ಸೆಕೆಂಡು ವಿಶ್ರಾಂತಿ. ಕುರ್ಚಿಗೆ ತಾಗಿ ಏಳುವ ಬಸ್ಕಿ, ಅಡುಗೆಮನೆ ಕಟ್ಟೆಗೆ ಕೈಯೂರಿ ಪುಷ್‌ಅಪ್, ಅಂಗಾತ ಮಲಗಿ ಸೊಂಟ ಎತ್ತುವುದು, ಮೊಣಕೈ ಮೇಲೆ ಮೈ ನೇರ ಹಿಡಿಯುವ ಪ್ಲ್ಯಾಂಕ್, ನಿಂತಲ್ಲೇ ಮಂಡಿ ಎತ್ತಿ ನಡೆಯುವುದು. ಐದರ ಎರಡು ಸುತ್ತು ಸಾಕು. ನಾಲ್ಕರಿಂದ ಏಳನೇ ವಾರದವರೆಗೆ ಕೆಲಸ ಮತ್ತು ವಿಶ್ರಾಂತಿ ಸಮ, ಸುತ್ತು ಮೂರು, ಪುಷ್‌ಅಪ್ ನೆಲಕ್ಕಿಳಿಯುತ್ತದೆ. ಎಂಟರಿಂದ 40 ಸೆಕೆಂಡು ಕೆಲಸ, 20 ಸೆಕೆಂಡು ವಿಶ್ರಾಂತಿ. ಮೌಂಟನ್ ಕ್ಲೈಂಬರ್ (ಅಂಗೈಯೂರಿ ಮಂಡಿಗಳನ್ನು ಒಂದೊಂದಾಗಿ ಎದೆಯತ್ತ ಎಳೆಯುವುದು), ಲಂಜ್ (ಒಂದು ಕಾಲು ಮುಂದಿಟ್ಟು ಮಂಡಿ ಬಾಗಿಸುವುದು), ಬರ್ಪಿ ಸೇರುತ್ತವೆ.

ಬರ್ಪಿ ಎಂದರೆ ಎಲ್ಲರೂ ಹೆದರುವ ಕಸರತ್ತು. 1930ರ ದಶಕದಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದ ರಾಯಲ್ ಬರ್ಪಿ ಸಾಮಾನ್ಯ ಜನರ ದೇಹಕ್ಷಮತೆ ಪರೀಕ್ಷಿಸಲು ಇದನ್ನು ರೂಪಿಸಿದರು. ನಿಂತಲ್ಲಿಂದ ಕುಕ್ಕರಗಾಲಿನಲ್ಲಿ ಕೂತು ಅಂಗೈಗಳನ್ನು ನೆಲಕ್ಕೂರುವುದು. ಎರಡೂ ಕಾಲನ್ನು ಹಿಂದಕ್ಕೆ ಚಾಚಿ ಮೈಯನ್ನು ಹಲಗೆಯಂತೆ ನೇರ ಹಿಡಿಯುವುದು. ಮತ್ತೆ ಕಾಲು ಒಳಗೆಳೆದುಕೊಂಡು ಎದ್ದು ನಿಲ್ಲುವುದು. ಮೂಲದಲ್ಲಿ ಇದ್ದದ್ದು ಇಷ್ಟೇ, ಅದೂ ನಾಲ್ಕು ಸಲ ಮಾತ್ರ. ಮೊದಲೂ ಆಮೇಲೂ ನಾಡಿ ಎಣಿಸುತ್ತಿದ್ದರು. ನಡುವೆ ಪುಷ್‌ಅಪ್, ಕೊನೆಗೆ ಜಿಗಿತ ಸೇರಿದ್ದು ನಂತರ. ಕಾಲು ಚಾಚುವಾಗ ಸೊಂಟ ಜೋತುಬಿದ್ದರೆ ಬೆನ್ನಿನ ಕೆಳಭಾಗಕ್ಕೆ ಪೆಟ್ಟು. ಆದ್ದರಿಂದ ಹೊಟ್ಟೆ ಬಿಗಿಹಿಡಿದು, ಜಿಗಿಯದೆ, ಒಂದೊಂದೇ ಕಾಲು ಹಿಂದಿಟ್ಟು ಕಲಿಯಬೇಕು. ಮಾಳಿಗೆ ಮನೆಯವರಿಗೆ ಇದರಿಂದ ಇನ್ನೊಂದು ಲಾಭ: ಬೆಳಿಗ್ಗೆ ಐದೂವರೆಗೆ ಜಿಗಿದರೆ ಕೆಳಗಿನ ಮನೆಯವರ ಸೂರು ದಡದಡ ಅನ್ನುತ್ತದೆ. ಜಿಗಿಯದ ಬರ್ಪಿಗೆ ಆ ತಕರಾರಿಲ್ಲ, ದಣಿವಿಗೂ ಕೊರತೆಯಿಲ್ಲ. ಒರೆಸಿ ಆರದ ಟೈಲ್ಸ್ ನೆಲ, ಮಳೆಗಾಲದಲ್ಲಿ ಪಾಚಿ ಕಟ್ಟಿದ ತಾರಸಿ ಎರಡೂ ಅಪಾಯ. ದಪ್ಪ ಚಾಪೆ ಬೇಕು.

ಮನೆಯ ವ್ಯಾಯಾಮಗಳಲ್ಲಿ ಸಾಮಾನ್ಯವಾಗಿ ಒಂದು ಕೊರತೆ ಉಳಿಯುತ್ತದೆ. ತಳ್ಳುವ ಕಸರತ್ತು ಬೇಕಾದಷ್ಟಿರುತ್ತದೆ, ಎಳೆಯುವುದು ಇರುವುದಿಲ್ಲ. ಕಂಪ್ಯೂಟರ್ ಮುಂದೆ ಮೊದಲೇ ಮುಂಬಾಗಿದ ಭುಜಗಳು ಬರೀ ಪುಷ್‌ಅಪ್‌ನಿಂದ ಸರಿಹೋಗುವುದಿಲ್ಲ. ಗಟ್ಟಿ ಕಿಟಕಿ ಗ್ರಿಲ್‌ಗೆ ರಬ್ಬರ್ ಬ್ಯಾಂಡ್ ಸಿಕ್ಕಿಸಿ ಎದೆಯತ್ತ ಎಳೆಯುವುದು, ಐದು ಕೆ.ಜಿ. ಅಕ್ಕಿ ಚೀಲ ತುಂಬಿದ ಬ್ಯಾಗನ್ನು ಸೊಂಟ ಬಾಗಿಸಿ ಪಕ್ಕೆಯತ್ತ ಎತ್ತುವುದು ವಾರಕ್ಕೆರಡು ಸಲವಾದರೂ ಇರಬೇಕು.

ತೂಕದ ಮಾತು ಬಂದರೆ ಅಡುಗೆಮನೆಯ ಪಾಲೇ ದೊಡ್ಡದು. 65 ಕೆ.ಜಿ. ತೂಕದವರು 20 ನಿಮಿಷ ತೀವ್ರವಾಗಿ ದುಡಿದರೆ ಖರ್ಚಾಗುವುದು ಸುಮಾರು 170ರಿಂದ 200 ಕಿಲೊಕ್ಯಾಲರಿ. ವ್ಯಾಯಾಮ ಮುಗಿದ ಮೇಲೂ ಕೊಬ್ಬು ಗಂಟೆಗಟ್ಟಲೆ ಉರಿಯುತ್ತದೆ ಎನ್ನುವುದರಲ್ಲಿ ಉತ್ಪ್ರೇಕ್ಷೆಯೇ ಹೆಚ್ಚು; ಆ ಹೆಚ್ಚುವರಿ ತೀರ ಸಣ್ಣದು. ದರ್ಶಿನಿಯಲ್ಲಿ ನಿಂತು ತಿನ್ನುವ ಒಂದು ಬೆಣ್ಣೆ ಮಸಾಲೆದೋಸೆ ಆ 20 ನಿಮಿಷದ ಖರ್ಚಿನ ಎರಡರಷ್ಟನ್ನು ಹತ್ತು ನಿಮಿಷದಲ್ಲಿ ತುಂಬಿಕೊಡುತ್ತದೆ. ದೇಹದ ಒಂದು ಕೆ.ಜಿ. ಕೊಬ್ಬಿನಲ್ಲಿ ಸುಮಾರು 7,700 ಕಿಲೊಕ್ಯಾಲರಿ ಇರುತ್ತದೆ. ದಿನಕ್ಕೆ 400ರಿಂದ 500 ಕಡಿಮೆ ಮಾಡಿದರೆ ವಾರಕ್ಕೆ ಅರ್ಧ ಕೆ.ಜಿ.ಗಿಂತ ಸ್ವಲ್ಪ ಕಡಿಮೆ ಇಳಿಯುತ್ತದೆ. ತೀರ ವೇಗವಾಗಿ ಇಳಿಸಿದರೆ ಕೊಬ್ಬಿನ ಜೊತೆ ಸ್ನಾಯುವೂ ಹೆಚ್ಚು ಹೋಗುತ್ತದೆ.

ಅನ್ನ ಬಿಟ್ಟರೆ ಸಾಕು ಎಂಬುದು ಚಾಲ್ತಿಯಲ್ಲಿರುವ ನಂಬಿಕೆ. ನಮ್ಮ ತಟ್ಟೆಯ ನಿಜವಾದ ಕೊರತೆ ಪ್ರೋಟೀನ್. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ವಯಸ್ಕರಿಗೆ ಹೇಳುವ ಪ್ರಮಾಣ ದೇಹತೂಕದ ಪ್ರತಿ ಕೆ.ಜಿ.ಗೆ 0.83 ಗ್ರಾಂ; 65 ಕೆ.ಜಿ.ಗೆ 54 ಗ್ರಾಂ. ಕಠಿಣ ವ್ಯಾಯಾಮ ಮಾಡುವವರಿಗೆ 1.2ರಿಂದ 1.6 ಗ್ರಾಂವರೆಗೆ ಉಪಯುಕ್ತ, ಎಂದರೆ 80ರಿಂದ 100 ಗ್ರಾಂ. ಮೂರು ಇಡ್ಲಿಯಲ್ಲಿ ಸುಮಾರು 6 ಗ್ರಾಂ, ಒಂದು ಬಟ್ಟಲು ಅನ್ನದಲ್ಲಿ 4, ತೆಳ್ಳಗಿನ ತಿಳಿಸಾರಿನಲ್ಲಿ ಎರಡು ಮೂರು. ಇಷ್ಟರಲ್ಲೇ ದಿನ ಕಳೆದರೆ ಲೆಕ್ಕ ಹೇಗೆ ತುಂಬೀತು? ತುಂಬಿಸುವ ಸಾಮಾನು ವಿಜಯನಗರದ ಮಾರ್ಕೆಟ್‌ನಲ್ಲೇ ಇದೆ. 50 ಗ್ರಾಂ ಒಣ ಹುರುಳಿ ಅಥವಾ ಕಡಲೆ ನೆನೆಸಿ ಮಾಡಿದ ಉಸಲಿಯಲ್ಲಿ 10 ಗ್ರಾಂ, ಎರಡು ಮೊಟ್ಟೆಯಲ್ಲಿ 12, ಒಂದು ಹಿಡಿ ಕಡಲೆಕಾಯಿ ಬೀಜದಲ್ಲಿ 7, 400 ಮಿ.ಲೀ. ಹಾಲು ಮೊಸರಿನಲ್ಲಿ 12, 50 ಗ್ರಾಂ ಒಣ ಸೋಯಾ ತುಣುಕಿನಲ್ಲಿ 25. ಇವಕ್ಕೆ ಧಾನ್ಯದ ಪಾಲು ಸೇರಿದರೆ 80 ದಾಟುತ್ತದೆ. ಡಬ್ಬದ ಪ್ರೋಟೀನ್ ಪುಡಿ ಬೇಕಾಗುವುದಿಲ್ಲ. ಮೈ ಬೆಳೆಸಲು ಅಂಥ ಪುಡಿ ಬೇಡವೆಂದು ಅದೇ ಸಂಸ್ಥೆ 2024ರ ಆಹಾರ ಮಾರ್ಗಸೂಚಿಯಲ್ಲಿ ಹೇಳಿದೆ.

ರಾಗಿಮುದ್ದೆಯ ಬಗ್ಗೆಯೂ ನಿಖರವಾಗಿ ತಿಳಿದಿರುವುದು ಒಳ್ಳೆಯದು. ನೂರು ಗ್ರಾಂ ಹಿಟ್ಟಿನ ಮುದ್ದೆಯಲ್ಲಿ 320 ಕಿಲೊಕ್ಯಾಲರಿಯಷ್ಟು ಶಕ್ತಿ, 350 ಮಿಲಿಗ್ರಾಂಗೂ ಹೆಚ್ಚು ಸುಣ್ಣಾಂಶ, ಹೊಟ್ಟೆ ತುಂಬಿಸುವಷ್ಟು ನಾರು ಇದೆ. ಪ್ರೋಟೀನ್ ಮಾತ್ರ ಸುಮಾರು 7 ಗ್ರಾಂ. ಆ ಕೊರತೆಯನ್ನು ತುಂಬುವುದು ಬಸ್ಸಾರು, ಅವರೆಕಾಳು ಸಾರು, ಹುರುಳಿಕಟ್ಟು. ಮುದ್ದೆಯೊಂದಿಗೆ ಕಾಳಿನ ಸಾರು ಬಡಿಸಿಕೊಂಡ ಹಳ್ಳಿಯ ತಟ್ಟೆ ಈ ಲೆಕ್ಕದಲ್ಲಿ ಸರಿಯಾಗಿಯೇ ಇತ್ತು. ಕೆಟ್ಟದ್ದು ದಿನಕ್ಕೆ ನಾಲ್ಕು ಲೋಟ ಸಕ್ಕರೆ ಕಾಫಿ, ಸಂಜೆಯ ಬೇಕರಿ ಪಫ್, ರಾತ್ರಿ ಹತ್ತರ ಊಟ ಬಂದ ಮೇಲೆ.

ಹೆಂಗಸರ ಸಂಗತಿಯನ್ನು ಬೇರೆಯಾಗಿಯೇ ಹೇಳಬೇಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ರಕ್ತಹೀನತೆಯಿದೆ. ಹಿಮೋಗ್ಲೋಬಿನ್ ಕಡಿಮೆಯಿದ್ದರೆ ಮೊದಲ ಸುತ್ತಿಗೇ ಉಸಿರು ಕಟ್ಟುತ್ತದೆ. ಅದನ್ನು ಮೈಗಳ್ಳತನ ಎಂದುಕೊಂಡು ಇನ್ನಷ್ಟು ಹಿಂಡುವುದು ಅನ್ಯಾಯ. ಮೊದಲು ರಕ್ತಪರೀಕ್ಷೆ, ವೈದ್ಯರು ಹೇಳಿದರೆ ಕಬ್ಬಿಣದ ಮಾತ್ರೆ, ಎಲ್ಲರಿಗೂ ಬಡಿಸಿ ಕೊನೆಗೆ ಉಳಿದದ್ದು ತಿನ್ನುವ ಅಭ್ಯಾಸಕ್ಕೆ ಕೊನೆ, ಆಮೇಲೆ ಬರ್ಪಿ. ಹೆರಿಗೆಯಾದವರು, ಅದರಲ್ಲೂ ಸಿಸೇರಿಯನ್ ಆದವರು ವೈದ್ಯರು ಒಪ್ಪುವವರೆಗೆ ಜಿಗಿತ, ಪ್ಲ್ಯಾಂಕ್ ಮುಟ್ಟಬಾರದು.

ಇನ್ನು ಹೃದಯದ ಮಾತು. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿನಲ್ಲಿ ಹೃದಯಾಘಾತದಿಂದ ತೀರಿಕೊಂಡರು. ಅಂದು ಬೆಳಿಗ್ಗೆ ಅವರು ಎಂದಿನಂತೆ ವ್ಯಾಯಾಮ ಮಾಡಿದ್ದರು. ನಾಡಿಗೆ ನಾಡೇ ಕಂಗೆಟ್ಟಿತು, ಬೆಂಗಳೂರಿನ ಜಯದೇವ ಹೃದ್ರೋಗ ಆಸ್ಪತ್ರೆಯಲ್ಲಿ ತಪಾಸಣೆಗೆ ಜನ ಮುಗಿಬಿದ್ದರು, ಎಷ್ಟೋ ಮಂದಿ ವ್ಯಾಯಾಮವನ್ನೇ ಬಿಟ್ಟರು. ಒಬ್ಬರ ಸಾವಿಗೆ ಹೊರಗಿನವರು ಕಾರಣ ಕಟ್ಟುವುದು ಸಲ್ಲದು. ವೈದ್ಯಶಾಸ್ತ್ರ ಸಾಮಾನ್ಯವಾಗಿ ಹೇಳುವುದು ಹೀಗೆ: ರಕ್ತನಾಳದಲ್ಲಿ ಅಡಗಿದ ಕಾಯಿಲೆ ಇರುವವರಿಗೆ ತೀವ್ರ ಶ್ರಮದ ಆ ಹೊತ್ತಿನಲ್ಲಿ ಅಪಾಯ ಏರುತ್ತದೆ, ಅಭ್ಯಾಸವಿಲ್ಲದವರಲ್ಲಿ ಆ ಏರಿಕೆ ಅತಿ ಹೆಚ್ಚು, ನಿಯಮಿತವಾಗಿ ಮಾಡುವವರಲ್ಲಿ ಬಹಳ ಕಡಿಮೆ. ನಿಯಮಿತ ವ್ಯಾಯಾಮ ಒಟ್ಟಾರೆ ಹೃದಯಾಘಾತದ ಸಂಭವವನ್ನು ಇಳಿಸುತ್ತದೆ. ನಲವತ್ತು ದಾಟಿದವರು, ಬಿಪಿ, ಸಕ್ಕರೆ ಕಾಯಿಲೆ ಇರುವವರು, ಬೀಡಿ ಸಿಗರೇಟು ಸೇದುವವರು, ಮನೆತನದಲ್ಲಿ ಚಿಕ್ಕ ವಯಸ್ಸಿಗೇ ಹೃದಯರೋಗ ಕಂಡವರು ವೈದ್ಯರನ್ನು ಕಂಡೇ ತೀವ್ರ ಕ್ರಮಕ್ಕೆ ಇಳಿಯಬೇಕು. ಮಲಗಿಸಿ ತೆಗೆದ ಇಸಿಜಿ ಸರಿಯಿದೆ ಎಂದ ಮಾತ್ರಕ್ಕೆ ಎಲ್ಲವೂ ಸರಿ ಎಂದಾಗುವುದಿಲ್ಲ. ಎದೆ ಬಿಗಿತ, ದವಡೆಗೋ ಎಡಗೈಗೋ ಹರಡುವ ನೋವು, ತಲೆಸುತ್ತು, ತಣ್ಣನೆಯ ಬೆವರು ಕಂಡರೆ ಅಲ್ಲೇ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು. ‘ಗ್ಯಾಸ್ಟ್ರಿಕ್ ಇರಬೇಕು’ ಎಂದು ಕಾಯುವಂತಿಲ್ಲ. ಜ್ವರ ಇರುವಾಗ ವ್ಯಾಯಾಮವೇ ಬೇಡ.

ಹೊಸಬರಿಗೆ ಮೈಕೈ ನೋವು ಎರಡು ಮೂರನೇ ದಿನ ಜೋರಾಗಿ, ವಾರದೊಳಗೆ ಇಳಿಯುತ್ತದೆ. ಅದು ಸಹಜ. ಸ್ನಾಯು ಊದಿ, ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ಅದು ಸಹಜವಲ್ಲ. ಒಡೆದ ಸ್ನಾಯುವಿನ ಅಂಶ ರಕ್ತಕ್ಕೆ ಸೇರಿ ಮೂತ್ರಪಿಂಡಕ್ಕೆ ಹಾನಿ ಮಾಡುತ್ತಿರುವ ಸೂಚನೆ ಅದು. ಕೂಡಲೇ ಚಿಕಿತ್ಸೆ ಬೇಕು. ಮೊದಲ ದಿನವೇ ಹುರುಪಿನಲ್ಲಿ ಇನ್ನೂರು ಬಸ್ಕಿ ಹೊಡೆದವರಿಗೆ ಇದು ಆಗುವುದುಂಟು.

ಫಲ ಅಳೆಯಲು ತೂಕದ ಯಂತ್ರವೊಂದೇ ಸಾಲದು. ಸ್ನಾಯು ಕೂಡಿದಾಗ ಮುಳ್ಳು ಅಲ್ಲಾಡದೆ ಹೋಗಬಹುದು. ಹೊಕ್ಕುಳ ಮಟ್ಟದಲ್ಲಿ ಟೇಪು ಸುತ್ತಿದಾಗ ಭಾರತೀಯ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ಎಚ್ಚರಿಕೆಯ ಗೆರೆ. ಬೆಳಿಗ್ಗೆ ಹಾಸಿಗೆಯಲ್ಲೇ ಎಣಿಸಿದ ನಾಡಿ ವಾರಗಳುರುಳಿದಂತೆ ಇಳಿಯುತ್ತಿದ್ದರೆ ಹೃದಯ ಪಳಗುತ್ತಿದೆ. ಏಕಾಏಕಿ ಹತ್ತು ಬಡಿತ ಏರಿದ್ದರೆ ವಿಶ್ರಾಂತಿ ಸಾಲದಿರಬಹುದು ಅಥವಾ ಸೋಂಕು ತಗುಲಿರಬಹುದು, ಅಂದು ರಜೆ.

ಹನ್ನೆರಡು ವಾರ ಮುಗಿದ ಮೇಲೆ ಇದೇ ಭರದಲ್ಲಿ ಸಾಗಬೇಕಾಗಿಲ್ಲ. ಮದುವೆ ಮುಂಜಿ, ಪರೀಕ್ಷೆ, ಕಚೇರಿಯ ವರ್ಷಾಂತ್ಯದ ಒತ್ತಡ ಇರುವ ತಿಂಗಳುಗಳಲ್ಲಿ ದಿನಗಳನ್ನು ವಾರಕ್ಕೆ ಎರಡಕ್ಕೆ ಇಳಿಸಬಹುದು. ಆ ಎರಡು ದಿನದ ತೀವ್ರತೆ ಕುಗ್ಗದಿದ್ದರೆ ಗಳಿಸಿದ ಕ್ಷಮತೆ ಎರಡು ಮೂರು ತಿಂಗಳು ಬಹುಮಟ್ಟಿಗೆ ಉಳಿಯುತ್ತದೆ. ಪೂರ್ತಿ ನಿಲ್ಲಿಸಿದರೆ ಎರಡು ವಾರದಲ್ಲೇ ಜಾರತೊಡಗುತ್ತದೆ. ತಿಂಗಳಿಡೀ ವ್ಯಾಯಾಮ ತಪ್ಪಿಸಿದವರು ಬಿಟ್ಟಲ್ಲಿಂದಲ್ಲ, ನಾಲ್ಕನೇ ವಾರದ ಪಾಠದಿಂದ ಮತ್ತೆ ಶುರು ಮಾಡಬೇಕು.