ಹಳೆಯ ರಟ್ಟಿನೊಳಗಿನ ಹೊನ್ನು

ಬೆಂಗಳೂರಿನಿಂದ ಮೈಸೂರಿಗೆ ಹೊರಟವರನ್ನು ಮಂಡ್ಯ ಜಿಲ್ಲೆಯ ಹೊಸ್ತಿಲಲ್ಲಿ ಎದುರುಗೊಳ್ಳುವ ಊರು ಮದ್ದೂರು ತಾಲ್ಲೂಕಿನ ನಿಡಘಟ್ಟ. 2023ರ ಮಾರ್ಚಿ ತಿಂಗಳಲ್ಲಿ ಉದ್ಘಾಟನೆಗೊಂಡ ಹೊಸ ಹೆದ್ದಾರಿಯ ಕೆಲಸವನ್ನು ಎರಡು ಭಾಗವಾಗಿ ಹಂಚಿದಾಗ, ನಡುವಣ ಗುರುತಾಗಿ ನಿಂತದ್ದು ಈ ಊರೇ. ಇಲ್ಲಿಂದ ಮುಂದೆ ಪ್ರಯಾಣಿಕನ ಬಾಯಿಗೆ ಮದ್ದೂರಿನ ವಡೆ, ಕಣ್ಣಿಗೆ ಕಬ್ಬಿನ ಗದ್ದೆ. ಆದರೆ ಈ ಸಕ್ಕರೆಯ ಸೀಮೆಯಲ್ಲಿ ಬುದ್ಧಿಗೂ ಒಂದು ಔತಣವುಂಟೆಂಬುದು ದಾರಿಹೋಕರಲ್ಲಿ ಅನೇಕರಿಗೆ ತಿಳಿಯದು. ಶ್ರೀರಂಗಪಟ್ಟಣದ ಬಳಿ ಹೆದ್ದಾರಿಯನ್ನು ಬಿಟ್ಟು, ಹಿಂದೆ ಹಿರೋಡೆಯೆಂದೂ ಫ್ರೆಂಚ್ ರಾಕ್ಸ್ ಎಂದೂ ಕರೆಸಿಕೊಂಡಿದ್ದ ಪಾಂಡವಪುರದ ಕಡೆಗೆ ಹೊರಳಿದರೆ, ಅದರ ಮಗ್ಗುಲಲ್ಲೇ ಹರಳಹಳ್ಳಿಯ 'ಪುಸ್ತಕ ಮನೆ' ಇದೆ.

ಕಾರ್ಮಿಕನ ಭಂಡಾರ

ಈ ಮನೆಯ ಯಜಮಾನರು ಎಂ. ಅಂಕೇಗೌಡರು. ರೈತ ಮನೆತನದಲ್ಲಿ ಹುಟ್ಟಿ, ಬಸ್ಸಿನ ಕಂಡಕ್ಟರಾಗಿ ಬದುಕು ತೊಡಗಿಸಿ, ಕನ್ನಡದಲ್ಲಿ ಎಂ.ಎ. ಪದವಿ ಪಡೆದು, ಸುಮಾರು 30 ವರ್ಷ ಪಾಂಡವಪುರದ ಸಕ್ಕರೆ ಕಾರ್ಖಾನೆಯಲ್ಲಿ ದುಡಿದವರು. ಸಂಬಳದ ಬಹುಪಾಲು ಪುಸ್ತಕಕ್ಕೇ ಮೀಸಲಾಯಿತು. ಸಾಲದ್ದಕ್ಕೆ ಮೈಸೂರಿನಲ್ಲಿದ್ದ ಆಸ್ತಿಯನ್ನೂ ಮಾರಿದರು. ಉದ್ಯಮಿ ಹರಿ ಖೋಡೆಯವರ ನೆರವಿನಿಂದ ಸಂಗ್ರಹಕ್ಕೊಂದು ಸೂರು ದೊರೆಯಿತು. ಅಂಕೇಗೌಡರು ಪತ್ನಿಯೊಡನೆ ಆ ಪುಸ್ತಕಗಳ ನಡುವೆಯೇ ವಾಸಿಸುತ್ತ ಬಂದಿದ್ದಾರೆ. ಸಂಗ್ರಹ 20 ಲಕ್ಷವನ್ನು ಮುಟ್ಟಿದೆಯೆಂಬುದು ಅಂದಾಜು. ಯಾರು ಬಂದರೂ ಬಾಗಿಲು ತೆರೆದಿದೆ, ಶುಲ್ಕವಿಲ್ಲ. 2026ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ಘೋಷಿತವಾಯಿತು.

ಆ ರಾಶಿಯಲ್ಲಿ ಹೊಸ ಪಠ್ಯಪುಸ್ತಕಗಳೂ ಇವೆ, ಶತಮಾನ ದಾಟಿದ ಗ್ರಂಥಗಳೂ ಇವೆ. ಸಂಗ್ರಾಹಕನ ಕಣ್ಣು ಅರಳುವುದು ಈ ಎರಡನೆಯ ಬಗೆಯನ್ನು ಕಂಡಾಗ.

ಅಚ್ಚಿನ ಅರುಣೋದಯ

ಇಪ್ಪತ್ತನೆಯ ಶತಮಾನದ ಮೊದಲ ದಶಕಗಳು ಕನ್ನಡ ಮುದ್ರಣಕ್ಕೆ ಅರುಣೋದಯದಂತಿದ್ದವು. ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯ 1894ರಲ್ಲಿ ಕಿಟ್ಟೆಲರ ನಿಘಂಟನ್ನು ಹೊರತಂದು ದಾರಿ ತೋರಿತ್ತು. 1907ರಲ್ಲಿ ಆರ್. ನರಸಿಂಹಾಚಾರ್ಯರ 'ಕರ್ಣಾಟಕ ಕವಿಚರಿತೆ'ಯ ಮೊದಲ ಸಂಪುಟ ಬಂದಿತು. ಮೂರನೆಯದು ಬೆಳಕು ಕಾಣಲು 1929ರವರೆಗೆ ಕಾಯಬೇಕಾಯಿತು. ಎಂ. ಎಸ್. ಪುಟ್ಟಣ್ಣನವರ 'ಮಾಡಿದ್ದುಣ್ಣೋ ಮಹಾರಾಯ' ಹೊರಬಂದ 1915ರಲ್ಲೇ ಸಾಹಿತ್ಯ ಪರಿಷತ್ತೂ ಹುಟ್ಟಿತು. 1917ರಲ್ಲಿ ಆಲೂರು ವೆಂಕಟರಾಯರ 'ಕರ್ನಾಟಕ ಗತವೈಭವ' ಪ್ರಕಟವಾಯಿತು.

ಇಂಥ ಕೃತಿಗಳು ಮತ್ತೆ ಅಚ್ಚಾಗಿಲ್ಲವೆ, ಹಳೆಯ ಪ್ರತಿಯೇ ಏಕೆ ಬೇಕು ಎಂದು ಕೇಳಬಹುದು. ಮೊದಲ ಮುದ್ರಣದಲ್ಲಿ ಕೃತಿಯಲ್ಲದೆ ಅದರ ಕಾಲವೂ ಅಡಗಿರುತ್ತದೆ. ಅಂದಿನ ಅಚ್ಚಿನ ಮೊಳೆ, ರೂಪಾಯಿ ಆಣೆಗಳಲ್ಲಿ ಬರೆದ ಬೆಲೆ, ಮುಂದಿನ ಆವೃತ್ತಿಯಲ್ಲಿ ಬಿಟ್ಟುಹೋದ ಮುನ್ನುಡಿ, ಕೊಂಡವರ ಹಸ್ತಾಕ್ಷರ, ಶಾಲೆಯ ಬಹುಮಾನದ ಚೀಟಿ: ಇವು ಮರುಮುದ್ರಣದಲ್ಲಿ ದೊರೆಯವು.

ಗಟ್ಟಿ ಹೊದಿಕೆ, ಬಡ ಹಾಳೆ

ಆ ಕಾಲದ ಪುಸ್ತಕಗಳಲ್ಲಿ ಒಂದು ವಿಪರ್ಯಾಸವುಂಟು. ಬಟ್ಟೆ ಹೊದಿಸಿದ ರಟ್ಟು, ದಾರದ ಹೊಲಿಗೆ, ಬೆನ್ನಿನ ಮೇಲೆ ಹೊಂಬಣ್ಣದ ಅಕ್ಷರ. ಹೊರಗಿನಿಂದ ಕೋಟೆಯಂತೆ ಭದ್ರ. ಒಳಗಿನ ಹಾಳೆ ಹಾಗಲ್ಲ. ಹಿಂದೆ ಚಿಂದಿ ಬಟ್ಟೆಯ ನಾರಿನಿಂದ ಮಾಡುತ್ತಿದ್ದ ಕಾಗದಕ್ಕೆ ಬದಲಾಗಿ, ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಮರದ ತಿರುಳಿನ ಅಗ್ಗದ ಕಾಗದ ಬಳಕೆಗೆ ಬಂದಿತು. ಅದರೊಳಗೆ ಆಮ್ಲ ಬೆಳೆಯುತ್ತದೆ. ಹಾಳೆ ಹಳದಿಯಾಗಿ, ಕಂದಾಗಿ, ಕೊನೆಗೆ ಮಡಿಸಿದಲ್ಲೇ ಹಪ್ಪಳದಂತೆ ಮುರಿಯುತ್ತದೆ. ಹೊರಗಣ ಗೆದ್ದಲಿಗಿಂತ ಈ ಒಳಗಣ ಶತ್ರು ಭಯಂಕರ.

ಆದುದರಿಂದ ಕೂಡಿಡುವುದು ಅರ್ಧ ಕೆಲಸ ಮಾತ್ರ. ಹರಳಹಳ್ಳಿಯಲ್ಲಿ ಕಪಾಟು ಸಾಲದೆ ನೆಲದ ಮೇಲೆ ಪುಸ್ತಕಗಳ ಗುಡ್ಡಗಳೆದ್ದಿವೆ. ಬಿಚ್ಚದ ಮೂಟೆಗಳೂ ಹಲವು. ವಿಂಗಡಣೆ, ಪಟ್ಟಿ, ಸಂರಕ್ಷಣೆ ಇವು ಒಬ್ಬರ ಕೈಯಲ್ಲಿ ಮುಗಿಯುವ ಕೆಲಸವಲ್ಲ. ಒಂಟಿ ಸಾಹಸದ ಅಪಾಯವನ್ನು ಮೈಸೂರು 2021ರ ಏಪ್ರಿಲ್‌ನಲ್ಲಿ ಕಂಡಿತು. ದಿನಗೂಲಿ ಕಾರ್ಮಿಕ ಸೈಯದ್ ಇಸಾಕರು ಕಟ್ಟಿದ್ದ ಗ್ರಂಥಾಲಯದ ಸುಮಾರು 11,000 ಪುಸ್ತಕಗಳು ಒಂದೇ ಮುಂಜಾವಿನಲ್ಲಿ ಬೆಂಕಿಗೆ ಆಹುತಿಯಾದವು.

ನಮ್ಮ ಮನೆಯ ಅಟ್ಟದಲ್ಲಿ

ಇಂಥ ಪುಸ್ತಕ ತಾತಂದಿರ ಪೆಟ್ಟಿಗೆಯಲ್ಲಿಯೂ ಇರಬಹುದು. ರದ್ದಿಯವನಿಗೆ ತೂಗಿ ಕೊಡುವ ಮುನ್ನ ಮೊದಲ ಪುಟಗಳಲ್ಲಿ ಇಸವಿ, ಮುದ್ರಣಾಲಯ, ಆವೃತ್ತಿಗಳನ್ನು ನೋಡಬೇಕು. ಹರಿದ ಹಾಳೆಗೆ ಪಾರದರ್ಶಕ ಅಂಟುಪಟ್ಟಿ ಹಚ್ಚಬಾರದು. ಅದರ ಅಂಟು ಕಾಲಕ್ರಮದಲ್ಲಿ ಕಂದಿ ಹಾಳೆಗೇ ಕಲೆಯಾಗುತ್ತದೆ. ಹೊಸ ಬೈಂಡಿನ ಆಸೆಗೆ ಮೂಲ ರಟ್ಟನ್ನು ಎಸೆಯಬಾರದು. ಕಪಾಟಿನಿಂದ ತೆಗೆಯುವಾಗ ಬೆನ್ನಿನ ತಲೆಯನ್ನು ಹಿಡಿದು ಎಳೆಯದೆ, ನಡುವನ್ನು ಹಿಡಿಯಬೇಕು. ಬಿಸಿಲು, ತೇವ ಎರಡೂ ತಾಗದ, ಗಾಳಿಯಾಡುವ ಜಾಗದಲ್ಲಿಟ್ಟು, ಮೆತ್ತನೆಯ ಕುಂಚದಿಂದ ಧೂಳು ತೆಗೆದರೆ ಪುಸ್ತಕದ ಆಯುಸ್ಸು ಹೆಚ್ಚುತ್ತದೆ. ಲೇಖಕರು ಗತಿಸಿ 60 ವರ್ಷ ಕಳೆದಿದ್ದರೆ ಸಾಮಾನ್ಯವಾಗಿ ಹಕ್ಕುಸ್ವಾಮ್ಯವೂ ಮುಗಿದಿರುತ್ತದೆ; ಅಂಥ ಕೃತಿಯ ಛಾಯಾಪ್ರತಿ ತೆಗೆದಿಟ್ಟರೆ, ಹಾಳೆ ಪುಡಿಯಾದರೂ ಮಾತು ಉಳಿಯುತ್ತದೆ.

ಸಕ್ಕರೆ ಕಾರ್ಖಾನೆಯ ಸಂಬಳದಲ್ಲಿ ಒಬ್ಬರು ಲಕ್ಷಗಟ್ಟಲೆ ಪುಸ್ತಕಗಳಿಗೆ ಆಶ್ರಯ ಕೊಟ್ಟರು. ಪ್ರತಿ ಮನೆಯೂ ತನ್ನಲ್ಲಿರುವ ಹತ್ತು ಹಳೆಯ ಪುಸ್ತಕಗಳನ್ನು ಕಾಪಾಡಿದರೆ, ಆ ಭಾರವನ್ನು ನಾಡೇ ಹಂಚಿಕೊಂಡಂತೆ.